ಗೊತ್ತಿದ್ದೂ ಮಾಡಲಾಗದ ಮಕ್ಕಳ ಜೊತೆ

ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಅಥವಾ ಒಂದು ಕಡೆ ಸುಮ್ಮನೆ ಕೂರಲಾಗದ ತೊಂದರೆ, ಇರುವ ಮಕ್ಕಳ ಅಪ್ಪ ಅಮ್ಮ ಹೆಚ್ಚಾಗಿ ಹೇಳುವುದು ಒಂದೇ ಮಾತು: "ಎಲ್ಲಾ ಗೊತ್ತು ಟೀಚರ್, ಬೇಕಂತಲೇ ಮಾಡಲ್ಲ." ಗೊತ್ತಿರುವುದು ನಿಜ, ಬೇಕಂತಲೇ ಅನ್ನುವುದು ಸುಳ್ಳು. ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಿ ಮುಗಿಸುವುದೇ ಇವರಿಗೆ ಕಷ್ಟ. ಬೆಳಿಗ್ಗೆ ಬುದ್ಧಿ ಹೇಳಿದರೆ ಅದು ಮಧ್ಯಾಹ್ನದವರೆಗೆ ಉಳಿಯುವುದಿಲ್ಲ. ಕೆಲಸದ ನಡುವೆಯೇ ಕೈಹಿಡಿಯಬೇಕು.

ನನ್ನ ಕ್ಲಾಸಿನ ಒಬ್ಬ ಹುಡುಗ ಸಾಲ ತಗೊಂಡು ಕಳೆಯುವ ಲೆಕ್ಕವನ್ನು ಬೋರ್ಡಿನ ಮೇಲೆ ಸಲೀಸಾಗಿ ಮಾಡುತ್ತಿದ್ದ. ನೋಟ್‌ಬುಕ್ಕಿನಲ್ಲಿ ಮಾತ್ರ ಮೊದಲ ಎರಡು ಸರಿ, ಮೂರನೆಯದನ್ನು ಕೂಡಿಬಿಟ್ಟಿರುತ್ತಿದ್ದ, ಆಮೇಲೆ ಖಾಲಿ ಪುಟ. ಲೆಕ್ಕದ ಹಾಳೆಯನ್ನು ಮಡಚಿ, ಎರಡೇ ಲೆಕ್ಕ ಕಾಣುವ ಹಾಗೆ ಕೊಡತೊಡಗಿದೆ. ಮೊದಲು ಕಳೆಯುವ ಗುರುತಿಗೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಬೇಕು. ಎರಡು ಮುಗಿದ ಮೇಲೆ ಎದ್ದು ಬಂದು ನನಗೆ ತೋರಿಸಬೇಕು, ಆ ನೆಪದಲ್ಲಿ ಮೈಗೂ ಸ್ವಲ್ಪ ಓಡಾಟ. ಸುಮ್ನೆ "ಗುಡ್" ಅನ್ನುವುದಿಲ್ಲ. "ಸಾಲ ತಗೊಂಡಿದ್ದನ್ನ ಮರೀದೆ ಬರೆದಿದೀಯ ಕಣೋ" ಅನ್ನುತ್ತೇನೆ. ಶನಿವಾರ ಸಿಗುವ ಬಹುಮಾನಕ್ಕಿಂತ ಆಗಲೇ ಸಿಕ್ಕ ಒಂದು ಮಾತು ಈ ಮಕ್ಕಳಿಗೆ ಜಾಸ್ತಿ ಕೆಲಸ ಮಾಡುತ್ತದೆ.

ಬಾಗಿಲು, ಕಿಟಕಿಯಿಂದ ದೂರ, ನನ್ನ ಮೇಜಿನ ಹತ್ತಿರ ಕೂರಿಸಿದೆ. ಕಾಲು ಅಲ್ಲಾಡಿಸಿದರೆ ಅಲ್ಲಾಡಿಸಲಿ. ಬರೆದು ಮುಗಿಸಲಿಲ್ಲ ಅಂತ ಆಟದ ಪೀರಿಯಡ್ ಕಿತ್ತುಕೊಳ್ಳುವುದನ್ನಂತೂ ನಾನು ಒಪ್ಪುವುದಿಲ್ಲ. ಓಡಾಟ ಎಲ್ಲರಿಗಿಂತ ಜಾಸ್ತಿ ಬೇಕಾದ ಮಗುವಿಗೇ ಆ ಶಿಕ್ಷೆ ಕೊಡುತ್ತೇವೆ, ಅಲ್ವಾ?

ಗಲಾಟೆ ಮಾಡದ ಮಕ್ಕಳಲ್ಲೂ ಎಡಿಎಚ್‌ಡಿ ಇರುತ್ತದೆ. ಸುಮ್ಮನೆ ಕೂತು ಎಲ್ಲೋ ಕಳೆದುಹೋಗುವ ಹುಡುಗಿಯರು ನಮ್ಮ ಕಣ್ಣಿಗೆ ಬೀಳುವುದು ತಡವಾಗಿ.

ಇದು ಎಡಿಎಚ್‌ಡಿ ಅಂತ ಹೇಳುವುದು ಟೀಚರ್ ಕೆಲಸವಲ್ಲ. ಕಿವಿ, ಕಣ್ಣು ಮೊದಲು ತೋರಿಸಿ ಅನ್ನುತ್ತೇನೆ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿ, ಕನಿಷ್ಠ 6 ತಿಂಗಳು, ಮನೆಯಲ್ಲೂ ಶಾಲೆಯಲ್ಲೂ ಕಾಣುತ್ತಿವೆಯಾ ಅಂತ ಡಾಕ್ಟರ್ ನೋಡುತ್ತಾರೆ. ಹಾಗಾಗಿ ಯಾವ ಪೀರಿಯಡ್, ಯಾವ ಕೆಲಸ, ಎಷ್ಟು ಹೊತ್ತು ಕೂತ ಅಂತ ಬರೆದಿಟ್ಟು ಆ ಲೆಕ್ಕದ ಹುಡುಗನ ಅಮ್ಮನ ಕೈಗೆ ಕೊಟ್ಟೆ. ಅವರು ಮಗನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಆ ಹಾಳೆ ಉಪಯೋಗಕ್ಕೆ ಬಂತು. ಮಾತ್ರೆ ಬೇಕೋ ಬೇಡವೋ ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ಸ್ಟಾಫ್ ರೂಮಿನಲ್ಲಿ ಕೂತು ತಾಯಂದಿರನ್ನು ಹೆದರಿಸಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿ ಇಲ್ಲ. ಎಷ್ಟೋ ಮಕ್ಕಳಿಗೆ ಸಿಗುವ ನೆರವು ಕ್ಲಾಸಿನಲ್ಲಿ ನಾವು ಕೊಟ್ಟಷ್ಟೇ. ಅದಕ್ಕೇ ಅವನು ಐದನೇ ತರಗತಿಗೆ ಹೋಗುವಾಗ ಮುಂದಿನ ಟೀಚರಿಗೆ ಒಂದು ಚೀಟಿ ಬರೆದುಕೊಟ್ಟೆ: ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹೆಸರು ಕರೆದು ಹೇಳಿ, ನಡುನಡುವೆ ಎದ್ದು ಓಡಾಡಲು ಬಿಡಿ.