ಬಿರುಗಾಳಿಗೆ ವಿದ್ಯುತ್ ಹೋದಾಗ: ಪುಟ್ಟ ಮಕ್ಕಳಿರುವ ಮನೆಯವರಿಗೆ

ಬಿರುಗಾಳಿಗೆ ಮರ ಉರುಳಿ ತಂತಿ ಕಡಿದರೆ, ವಿದ್ಯುತ್ ಮರಳಲು ಕೆಲವು ಗಂಟೆ ಹಿಡಿಯಬಹುದು, ಕೆಲವು ದಿನಗಳೂ ಹಿಡಿಯಬಹುದು. ಕತ್ತಲೆ ಮಗುವನ್ನು ಹೆದರಿಸಬಹುದೇ ಹೊರತು ಗಾಯಗೊಳಿಸುವುದು ಕಡಿಮೆ. ಕತ್ತಲೆ ನೀಗಲೆಂದು ಅವಸರದಲ್ಲಿ ತಂದಿಡುವ ಮೇಣದಬತ್ತಿ, ಒಲೆ, ಜನರೇಟರ್, ಸಣ್ಣ ಬ್ಯಾಟರಿಗಳ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಹೀಗಾಗಿ ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೇ, ಮನೆಯಲ್ಲಿ ಇನ್ನೂ ಬೆಳಕಿರುವಾಗಲೇ, ಯಾವುದನ್ನು ಬಳಸಬೇಕು, ಅದನ್ನು ಎಲ್ಲಿ ಇಡಬೇಕು ಎಂಬುದನ್ನು ತೀರ್ಮಾನಿಸಿಬಿಡುವುದು ಒಳ್ಳೆಯದು.

ಬೆಳಕಿಗೆ ಟಾರ್ಚ್ ಅಥವಾ ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ಲಾಂದ್ರವನ್ನೇ ನೆಚ್ಚಿಕೊಳ್ಳಿ. ಬೇರೆ ದಾರಿಯಿಲ್ಲದೆ ಮೇಣದಬತ್ತಿ ಹಚ್ಚಲೇಬೇಕಾದರೆ ಅದು ಪರದೆ, ಹಾಸಿಗೆ, ಕಾಗದಗಳಿಂದ ದೂರವಿರಲಿ, ಮಗುವಿನ ಕೈಗೆ ಎಟುಕದಿರಲಿ. ದೊಡ್ಡವರು ಕೋಣೆಯಿಂದ ಎದ್ದು ಹೋಗುವಾಗ ಅದನ್ನು ಆರಿಸಿಯೇ ಹೋಗಬೇಕು. ಪ್ರತಿ ಮಗುವಿಗೂ ತನ್ನದೇ ಒಂದು ಟಾರ್ಚ್ ಕೊಟ್ಟರೆ ಭಯ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಕೊಡುವ ಮೊದಲು ಅದರ ಹಿಂಭಾಗವನ್ನು ತಿರುಗಿಸಿ ನೋಡಿ: ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಅಥವಾ ಉಗುರಿನಿಂದ ಮೀಟಿದರೆ ತೆರೆದುಕೊಳ್ಳುತ್ತದೆಯೇ? ಅಂಗಿಯ ಗುಂಡಿಯಷ್ಟು ಚಪ್ಪಟೆಯಾದ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, 2 ಗಂಟೆಯೊಳಗೇ ಒಳಗಿನ ಅಂಗಾಂಶವನ್ನು ತೀವ್ರವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು.

ಇದಕ್ಕಿಂತಲೂ ಘೋರವಾದದ್ದು ಕಾರ್ಬನ್ ಮಾನಾಕ್ಸೈಡ್. ಇಂಧನ ಉರಿಯುವಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರಿಗೆ ಎಚ್ಚರವಾಗುವ ಮೊದಲೇ ಅದು ಪ್ರಾಣ ತೆಗೆಯಬಹುದು. ಜನರೇಟರನ್ನು ಮನೆಯೊಳಗಾಗಲಿ, ಗ್ಯಾರೇಜಿನಲ್ಲಾಗಲಿ, ಬಾಲ್ಕನಿಯಲ್ಲಾಗಲಿ ನಡೆಸಲೇಬಾರದು. ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಮನೆಯ ಕಡೆಗೆ ಬಾರದಂತೆ ಇಡಬೇಕು. ಕೋಣೆ ಬೆಚ್ಚಗಾಗಲೆಂದು ಇದ್ದಿಲಿನ ಒಲೆಯನ್ನು ಒಳಗೆ ತರುವುದೂ ಅಷ್ಟೇ ಅಪಾಯಕರ. ಕಿಟಕಿ ತೆರೆದಿದ್ದೇವೆ ಎಂಬ ಸಮಾಧಾನ ಇಲ್ಲಿ ಸಾಲದು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಕಾರಣ ಹುಡುಕುತ್ತಾ ಕೂರದೆ ಎಲ್ಲರೂ ಹೊರಗೆ ಬಂದು ಸಹಾಯಕ್ಕೆ ಕರೆ ಮಾಡಿ.

ಆಹಾರದ ವಿಷಯದಲ್ಲಿ ಫ್ರಿಜ್‌ನ ಬಾಗಿಲು ತೆರೆಯದಿರುವುದೇ ಅರ್ಧ ಕೆಲಸ. ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ ಸುಮಾರು 24 ಗಂಟೆ ತಂಪು ಹಿಡಿದಿಡುತ್ತದೆ. ಬಿರುಗಾಳಿಗೆ ಮುಂಚೆಯೇ ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟಿರಿ. ಆಮೇಲೆ ನಾಣ್ಯ ಲೋಟದ ತಳದಲ್ಲಿ ಕಂಡರೆ ಮಂಜುಗಡ್ಡೆ ಒಮ್ಮೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯುತ್ತದೆ, ಆಗ ಅಲ್ಲಿದ್ದ ಆಹಾರವನ್ನು ಮಕ್ಕಳಿಗೆ ಕೊಡುವಂತಿಲ್ಲ. ಹಾಗೆಯೇ, ರುಚಿ ನೋಡಿ ಕೆಟ್ಟಿದೆಯೋ ಇಲ್ಲವೋ ಎಂದು ನಿರ್ಧರಿಸಲು ಹೋಗಬೇಡಿ.

ಕೂಸಿನ ಹಾಲಿಗೆ ಲೆಕ್ಕ ಇನ್ನೂ ಬಿಗಿ. ಆಗತಾನೇ ಹಿಂಡಿದ ಎದೆಹಾಲು 25 ಡಿಗ್ರಿ ಸೆಲ್ಸಿಯಸ್ ಒಳಗಿನ ತಾಪಮಾನದಲ್ಲಿ 4 ಗಂಟೆಯವರೆಗೆ ಬಳಕೆಗೆ ಯೋಗ್ಯ. ಕಲಸಿದ ಫಾರ್ಮುಲಾ ಹಾಲನ್ನು 2 ಗಂಟೆಯೊಳಗೆ, ಕೂಸು ಕುಡಿಯಲು ತೊಡಗಿದ ಮೇಲೆ 1 ಗಂಟೆಯೊಳಗೆ ಮುಗಿಸಬೇಕು; ಉಳಿದದ್ದನ್ನು ಚೆಲ್ಲುವುದಕ್ಕೆ ಹಿಂಜರಿಯಬಾರದು. ಪಂಪ್ ನಿಂತರೆ ನಲ್ಲಿಯೂ ನಿಲ್ಲಬಹುದಾದ್ದರಿಂದ, ಕುಡಿಯಲು ಮತ್ತು ಬಾಟಲಿ ತೊಳೆಯಲು ನೀರನ್ನು ಮುಂಚಿತವಾಗಿ ತುಂಬಿಡಿ. ತುಂಬಿದ ಬಕೆಟ್ಟುಗಳಿಗೆ ಮುಚ್ಚಳವಿರಲಿ, ಅವು ಇರುವ ಕೋಣೆಯ ಬಾಗಿಲು ಮುಚ್ಚಿರಲಿ, ಏಕೆಂದರೆ ತೆವಳುವ ಮಗು ಬಕೆಟ್ಟಿನ ಸ್ವಲ್ಪವೇ ನೀರಿನಲ್ಲಿಯೂ ಮುಳುಗಬಹುದು.

ಫ್ಯಾನ್ ಇಲ್ಲದ ಸೆಖೆಯಲ್ಲಿ ಮಕ್ಕಳಿಗೆ ತೆಳುವಾದ ಬಟ್ಟೆ ತೊಡಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ. 6 ತಿಂಗಳೊಳಗಿನ ಕೂಸಿಗೆ ನೀರು ಕುಡಿಸದೆ ಹಾಲನ್ನೇ ಹೆಚ್ಚು ಬಾರಿ ಕೊಡಬೇಕು. ಚಳಿಯಿದ್ದರೆ ಕೂಸಿಗೆ ಸಡಿಲವಾದ ಹೊದಿಕೆ ಹೊದಿಸುವ ಬದಲು ಬಟ್ಟೆಯನ್ನೇ ಒಂದರ ಮೇಲೊಂದು ತೊಡಿಸುವುದು ಸುರಕ್ಷಿತ. ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿನ ಮೂಲಕ ಕೊಡುವ ಯಂತ್ರ) ಬಳಸುವ ಮಗುವಿದ್ದರೆ, ವಿದ್ಯುತ್ ಇಲ್ಲದಾಗ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

“ಈಗ ಬಂದುಬಿಡುತ್ತದೆ” ಎಂದು ಮಗುವಿಗೆ ಮಾತು ಕೊಡಬೇಡಿ. ಬಾರದೆ ಹೋದಾಗ ಅದರ ದಿಗಿಲು ಇಮ್ಮಡಿಯಾಗುತ್ತದೆ. “ಗಾಳಿಗೆ ತಂತಿ ಕಡಿದಿದೆ, ಸರಿಮಾಡುವವರು ಬರುತ್ತಾರೆ, ಅಲ್ಲಿಯವರೆಗೆ ನಾವೆಲ್ಲ ಒಟ್ಟಿಗೇ ಇರುತ್ತೇವೆ” ಎಂಬಷ್ಟು ಹೇಳಿದರೆ ಸಾಕು. ಎಂದಿನ ಹೊತ್ತಿಗೆ ಊಟ, ಎಂದಿನ ಹೊತ್ತಿಗೆ ಕಥೆ, ಎಂದಿನ ಹೊತ್ತಿಗೆ ನಿದ್ರೆ ಆಗುವಂತೆ ನೋಡಿಕೊಳ್ಳಿ. ಫೋನಿನಲ್ಲಿ ಮಕ್ಕಳಿಗೆ ವಿಡಿಯೋ ತೋರಿಸುತ್ತಾ ಹೋದರೆ ತುರ್ತು ಕರೆಗೆ ಬ್ಯಾಟರಿ ಉಳಿಯುವುದಿಲ್ಲ.

ಗಾಳಿ ನಿಂತ ಮೇಲೂ ಮಕ್ಕಳನ್ನು ಕೂಡಲೇ ಹೊರಗೆ ಬಿಡಬೇಡಿ. ಬಿದ್ದಿರುವ ಪ್ರತಿ ತಂತಿಯಲ್ಲೂ ವಿದ್ಯುತ್ ಇದೆಯೆಂದೇ ಭಾವಿಸಿ, ಕನಿಷ್ಠ 10 ಮೀಟರ್ ದೂರವಿದ್ದು, ವಿದ್ಯುತ್ ಕಚೇರಿಗೆ ತಿಳಿಸಿ. ಟಿವಿ, ಕಂಪ್ಯೂಟರ್‌ಗಳ ಪ್ಲಗ್ ತೆಗೆದಿಟ್ಟು ಒಂದು ದೀಪದ ಸ್ವಿಚ್ಚನ್ನು ಮಾತ್ರ ಹಾಕಿಟ್ಟಿದ್ದರೆ ವಿದ್ಯುತ್ ಬಂದದ್ದು ಗೊತ್ತಾಗುತ್ತದೆ. ಆಮೇಲೆ ಉಪಕರಣಗಳನ್ನು ಒಂದೊಂದಾಗಿ ಚಾಲೂ ಮಾಡಿ, ಟಾರ್ಚುಗಳ ಬ್ಯಾಟರಿ ಬದಲಿಸಿ ಅವನ್ನು ಮೊದಲಿದ್ದ ಜಾಗದಲ್ಲೇ ಇಡಿ.