ರಾಜಿಯಾದ ಸಿವಿಲ್ ದಾವೆಯಲ್ಲಿ ಖರ್ಚನ್ನು ವಸೂಲು ಮಾಡುವ ಕ್ರಮ

ಸಿವಿಲ್ ದಾವೆ ರಾಜಿಯಾಗುವಾಗ ಪಕ್ಷಕಾರರ ಗಮನವೆಲ್ಲ ಮುಖ್ಯ ಮೊತ್ತದ ಮೇಲಿರುತ್ತದೆ. ಆದರೆ ದಾವಾ ಖರ್ಚನ್ನು ಯಾರು ಭರಿಸಬೇಕೆಂಬುದನ್ನು ರಾಜಿ ಪತ್ರದಲ್ಲಿ ಬರೆಯದೆ ಬಿಟ್ಟರೆ ಅನಂತರ ಅದನ್ನು ಕೇಳಿ ಪಡೆಯುವುದು ಬಹಳ ಕಷ್ಟ. ಏಕೆಂದರೆ ರಾಜಿಯಲ್ಲಿ ಗೆದ್ದವರು, ಸೋತವರು ಎಂಬ ತೀರ್ಮಾನವೇ ಇರುವುದಿಲ್ಲ.

ಮೊದಲು ನಿಮ್ಮ ದಾವೆಗೆ ಅನ್ವಯಿಸುವ ನಿಯಮವನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಆಯಾ ಪಕ್ಷದವರೇ ತಮ್ಮ ವಕೀಲರ ಶುಲ್ಕವನ್ನು ಭರಿಸುತ್ತಾರೆ. ಇಂಗ್ಲೆಂಡಿನಲ್ಲಿ ಸೋತವರು ಖರ್ಚು ಕೊಡುವುದು ಸಾಮಾನ್ಯ ನಿಯಮ. ಭಾರತದಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಂತೆ ಖರ್ಚನ್ನು ಯಾರು ಕೊಡಬೇಕೆಂಬುದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು.

ಸಹಿ ಹಾಕುವ ಮೊದಲು ಖರ್ಚಿಗೆ ಪ್ರತ್ಯೇಕ ಷರತ್ತೊಂದನ್ನು ಬರೆಸಿ, ಅದರಲ್ಲಿ ನಿಗದಿತ ಮೊತ್ತ, ಪಾವತಿಯ ಕೊನೆಯ ದಿನಾಂಕ, ತಡವಾದರೆ ತೆರಬೇಕಾದ ಬಡ್ಡಿ ಇವೆಲ್ಲ ಸ್ಪಷ್ಟವಾಗಿರಲಿ. ‘ಎಲ್ಲ ಹಕ್ಕು ಬಾಧ್ಯತೆಗಳೂ ತೀರಿವೆ’ ಎಂಬ ವಾಕ್ಯವಿದ್ದರೆ ಅದು ಖರ್ಚನ್ನೂ ನುಂಗಿಬಿಡಬಹುದಾದ್ದರಿಂದ, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಎಚ್ಚರದಿಂದ ಓದಬೇಕಾದ ಸಾಲು ಅದೇ.

ನ್ಯಾಯಾಲಯ ಶುಲ್ಕ, ವಕೀಲರ ಶುಲ್ಕ, ಸಾಕ್ಷಿಗಳ ಭತ್ಯೆ, ತಜ್ಞರ ವರದಿ, ದೃಢೀಕೃತ ನಕಲು ಇವುಗಳ ರಸೀದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಎದುರು ಪಕ್ಷವು ಮೊತ್ತವನ್ನು ಒಪ್ಪದಿದ್ದಾಗ, ಖರ್ಚು ಅಗತ್ಯವಾಗಿತ್ತೇ, ಅದರ ಪ್ರಮಾಣ ಸಮಂಜಸವೇ ಎಂಬುದನ್ನೇ ಮುಖ್ಯವಾಗಿ ಪರಿಶೀಲಿಸಲಾಗುತ್ತದೆ. ರಾಜಿಯಿಂದ ಮುಗಿದ ದಾವೆಗೆ ನ್ಯಾಯಾಲಯ ಶುಲ್ಕದ ಮರುಪಾವತಿ ಉಂಟೇ ಎಂಬುದನ್ನೂ ವಿಚಾರಿಸಿ. ಕೆಲವು ಕಡೆ ಅದಕ್ಕೆ ಅವಕಾಶವಿದೆ.

ಕೊನೆಯದಾಗಿ, ರಾಜಿಯನ್ನು ನ್ಯಾಯಾಲಯದ ಆದೇಶ ಅಥವಾ ಡಿಕ್ರಿಯಾಗಿ (ಪಕ್ಷಕಾರರ ಹಕ್ಕುಗಳನ್ನು ನಿರ್ಧರಿಸುವ ನ್ಯಾಯಾಲಯದ ವಿಧಿವತ್ತಾದ ನಿರ್ಣಯ) ದಾಖಲಿಸಿಕೊಳ್ಳಿ. ಆಗ ಹಣ ಬಾರದಿದ್ದರೆ ಹೊಸ ದಾವೆ ಹೂಡದೆ ನೇರವಾಗಿ ಜಾರಿ ಅರ್ಜಿ, ಅಂದರೆ ಆ ಆದೇಶವನ್ನು ಕಾರ್ಯಗತಗೊಳಿಸುವಂತೆ ನ್ಯಾಯಾಲಯವನ್ನು ಕೋರುವ ಅರ್ಜಿ, ಸಲ್ಲಿಸಬಹುದು.