ಹಳೆಯ ಯೆಜ್ಡಿಯ ಟ್ಯಾಂಕಿಗೆ ಹೊಂದುವ ಚೀಲ: ನನ್ನ ಅನುಭವ

ನನ್ನ ಬಳಿ ಇರುವ 1986ರ ಯೆಜ್ಡಿ 250 ಮೋಟಾರ್ ಸೈಕಲ್, ನಮ್ಮ ತಂದೆಯವರು ಧಾರವಾಡದಲ್ಲಿ ನೌಕರಿ ಮಾಡುತ್ತಿದ್ದಾಗ ಕೊಂಡದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಇದರ ಬಿಡಿಭಾಗಗಳಿಗಾಗಿ ಅಲೆಯುವುದು ನನ್ನಂಥವರಿಗೆಲ್ಲ ರೂಢಿಯಾಗಿದೆ. ಆದರೆ ಪಿಸ್ಟನ್, ಕ್ಲಚ್ ಪ್ಲೇಟು, ಕೇಬಲ್ಲುಗಳಿಗಿಂತ ಹೆಚ್ಚು ಕಾಲ ನನ್ನನ್ನು ಅಲೆಸಿದ್ದು ಟ್ಯಾಂಕಿನ ಮೇಲೆ ಕೂಡ್ರಿಸುವ ಒಂದು ಸಣ್ಣ ಚೀಲ.

ಚೀಲ ಟ್ಯಾಂಕಿನ ಮೇಲೆಯೇ ಇರಬೇಕೆಂಬ ಹಟಕ್ಕೆ ಕಾರಣವಿತ್ತು. ಯೆಜ್ಡಿಗೆ ಎರಡೂ ಬದಿಯಲ್ಲಿ ಸೈಲೆನ್ಸರ್ ಇರುವುದರಿಂದ, ಜೋತುಬೀಳುವ ಚೀಲವನ್ನು ಯಾವ ಬದಿಗೆ ಹಾಕಿದರೂ ಕಾವಿಗೆ ಸಿಕ್ಕಿ ಸುಡುವ ಭಯವಿದೆ. ಹಿಂದಿನ ಕ್ಯಾರಿಯರಿಗೆ ಕಟ್ಟಿದರೆ ಸಾಮಾನು ಕಣ್ಣ ಮುಂದೆ ಇರುವುದಿಲ್ಲ. ಹಗ್ಗ ಸಡಿಲಾದದ್ದು ತಿಳಿಯುವುದು ಊರು ಮುಟ್ಟಿದ ಮೇಲೆ. ಅದೂ ಅಲ್ಲದೆ ಇದು ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕಾದ ಎರಡು ಸ್ಟ್ರೋಕಿನ ಗಾಡಿ. ನಾನು ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆ ಹಾಕುತ್ತೇನೆ. ಆ ಎಣ್ಣೆಯ ಬಾಟಲಿ, ಅಳತೆಯ ಲೋಟ, ಹೆಚ್ಚಿನದೊಂದು ಪ್ಲಗ್, ಅದರ ಪಾನಾ, ಪಾಯಿಂಟ್ ಉಜ್ಜಲು ಸಣ್ಣ ಅರ, ಕೈ ಒರೆಸುವ ಅರಿವೆ, ಇಷ್ಟು ಯಾವಾಗಲೂ ಕೈಗೆ ಸಿಗುವಂತಿರಬೇಕು.

ಮೊದಲು ಆನ್‌ಲೈನ್‌ನಲ್ಲಿ ಹುಡುಕಿದೆ. ಯೆಜ್ಡಿ ಎಂದು ಬರೆದರೆ ಎದುರಿಗೆ ಬರುವುದೆಲ್ಲ 2022ರಲ್ಲಿ ಅದೇ ಹೆಸರಿನಿಂದ ಮತ್ತೆ ಬಂದ ಹೊಸ ಗಾಡಿಗಳ ಚೀಲಗಳು. ಹೆಸರು ಒಂದೇ ಆದರೂ ಟ್ಯಾಂಕಿನ ಆಕಾರ ಬೇರೆ. ಈಗಿನ ಎಷ್ಟೋ ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಸುತ್ತ ಸ್ಕ್ರೂಗಳಿರುತ್ತವೆ. ಅವುಗಳಿಗೆ ಬಳೆಯಂಥದೊಂದನ್ನು ಬಿಗಿದು ಚೀಲವನ್ನು ಅದರಲ್ಲಿ ಸಿಕ್ಕಿಸುತ್ತಾರೆ. ನಮ್ಮದು ತಿರುಗಿಸಿ ಎತ್ತುವ ಹಳೆಯ ಮುಚ್ಚಳವಾದ್ದರಿಂದ ಆ ದಾರಿ ಮೊದಲೇ ಮುಚ್ಚಿಹೋಯಿತು. ಉಳಿದದ್ದು ಅಯಸ್ಕಾಂತದ ಚೀಲ. ಹಳೆಯ ಟ್ಯಾಂಕು ಉಕ್ಕಿನ ತಗಡಿನದಾದ್ದರಿಂದ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆಂದು ನಂಬಿ ಹದಿನೈದು ಲೀಟರಿನದೊಂದನ್ನು ತರಿಸಿದೆ.

ಅದು ಅಗಲವಾದ ಟ್ಯಾಂಕಿಗಾಗಿ ಹೊಲಿದದ್ದು. ನಮ್ಮ ಟ್ಯಾಂಕು ಮೇಲ್ಗಡೆ ಕಿರಿದಾಗಿದ್ದು ಬದಿಗೆ ಬೇಗ ಇಳಿಯುವುದರಿಂದ, ಅಯಸ್ಕಾಂತದ ಚಪ್ಪಟೆ ರೆಕ್ಕೆಗಳು ಉಬ್ಬಿನ ಮೇಲೆ ಅಂಚಿನಲ್ಲಷ್ಟೇ ತಾಗಿದವು. ಎಡಗಡೆಯಂತೂ ಹಿಡಿತವೇ ಇರಲಿಲ್ಲ. ಮೆಕ್ಯಾನಿಕ್‌ಗೆ ತೋರಿಸಿದಾಗ, ಆ ಜಾಗದಲ್ಲಿ ಹಿಂದೆ ಯಾವಾಗಲೋ ಟ್ಯಾಂಕು ನೆಗ್ಗಿರಬೇಕು, ಪುಟ್ಟಿ ತುಂಬಿ ಬಣ್ಣ ಹೊಡೆದಿರಬೇಕು ಎಂದರು. ಪುಟ್ಟಿಯ ಪದರು ದಪ್ಪವಾದಷ್ಟೂ ಅಯಸ್ಕಾಂತ ತಗಡಿನಿಂದ ದೂರವಾಗುತ್ತದೆ. ಮನೆಗೆ ಬಂದು ಸಣ್ಣದೊಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಇಡೀ ಟ್ಯಾಂಕಿನ ಮೇಲೆ ಆಡಿಸಿ ನೋಡಿದೆ. ಎಡ ಬದಿಯಲ್ಲಿ ಅಂಗೈಯಗಲದ ಜಾಗ ಪೂರ್ತಿ ಪುಟ್ಟಿಯೇ ಆಗಿತ್ತು. ಹಳೆಯ ಗಾಡಿಗೆ ಅಯಸ್ಕಾಂತದ ಚೀಲ ಕೊಳ್ಳುವವರು ಹಣ ಕೊಡುವ ಮೊದಲು ಈ ಪರೀಕ್ಷೆಯನ್ನು ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇನ್ನೊಂದು ತೊಂದರೆ ನಮ್ಮ ಎರೆಮಣ್ಣಿನ ನಾಡಿನದು. ಧೂಳಿನ ಜೊತೆ ಸಣ್ಣ ಮರಳು ಅಯಸ್ಕಾಂತದ ಕೆಳಗೆ ಸೇರಿ, ಒಂದೇ ವಾರದ ಓಡಾಟದಲ್ಲಿ ಕ್ರೋಮಿನ ಮೇಲೆ ಗೀರುಗಳನ್ನು ಬಿಟ್ಟಿತು. ತಂದೆಯವರು ಮೂವತ್ತು ವರ್ಷ ಒರೆಸಿ ಕಾಪಾಡಿದ್ದ ಕ್ರೋಮು ಅದು. ಅಂದೇ ಆ ಚೀಲವನ್ನು ತೆಗೆದಿಟ್ಟೆ.

ರಬ್ಬರಿನ ಬಟ್ಟಲುಗಳಿಂದ ಅಂಟಿಕೊಳ್ಳುವ ಚೀಲವನ್ನು ಪರಿಚಿತರೊಬ್ಬರಿಂದ ಎರವಲು ತಂದು ನೋಡಿದೆ. ಏಪ್ರಿಲ್ ಬಿಸಿಲಿನಲ್ಲಿ ಅದು ಹುಬ್ಬಳ್ಳಿಯೊಳಗೇ ಗೋಕುಲ ರಸ್ತೆಯಿಂದ ಉಣಕಲ್ ತನಕವೂ ನಿಲ್ಲಲಿಲ್ಲ.

ಮೂರನೆಯದು ಪಟ್ಟಿಗಳಿಂದ ಬಿಗಿಯುವ ಚೀಲ. ಜಾರದಿರಲೆಂದು ತಳಕ್ಕೆ ದಪ್ಪ ರಬ್ಬರ್ ಹಾಳೆ ಹಾಕಿದ್ದರು. ನೋಡಲು ಚೆನ್ನಾಗಿ ಕೂತಿತ್ತು. ಹುಬ್ಬಳ್ಳಿಯಲ್ಲಿ ಟ್ಯಾಂಕು ತುಂಬಿಸಿಕೊಂಡು, ಪಟ್ಟಿಗಳನ್ನು ಎಳೆದು ಬಿಗಿದು, ಗದಗಿನ ದಾರಿ ಹಿಡಿದೆ. ನಲವಡಿ ದಾಟಿ ಅಣ್ಣಿಗೇರಿ ಇನ್ನೂ ಬಾರದಿರುವಾಗ ಎಂಜಿನ್ ಬಿಕ್ಕಳಿಸಿ ನಿಂತಿತು. ಪೆಟ್ರೋಲ್ ಕಾಕ್ ರಿಸರ್ವಿಗೆ ತಿರುಗಿಸಿದೆ, ಪ್ಲಗ್ ಬಿಚ್ಚಿ ಒರೆಸಿದೆ, ಹತ್ತು ನಿಮಿಷ ಕಡಲೆ ಹೊಲದ ಬದುವಿನ ಮೇಲೆ ಕೂತೆ. ಒದ್ದರೆ ಮೊದಲ ಕಿಕ್ಕಿಗೇ ಶುರುವಾಯಿತು. ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ನಿಂತಿತು. ಹೀಗೆ ನಾಲ್ಕು ಸಲ ಆದ ಮೇಲೆ ಕಾರ್ಬುರೇಟರಿನಲ್ಲಿ ಕಸ ಸೇರಿದೆ ಎಂದು ನಿರ್ಧರಿಸಿ, ಅದನ್ನು ಬಿಚ್ಚುವ ಮೊದಲು ಪೆಟ್ರೋಲ್ ಎಷ್ಟಿದೆಯೆಂದು ನೋಡಲು ಚೀಲವನ್ನು ಸರಿಸಿ ಮುಚ್ಚಳ ತಿರುಗಿಸಿದೆ. ಒಳಕ್ಕೆ ಗಾಳಿ ನುಗ್ಗಿದ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು.

ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯುವುದು ತನ್ನ ಭಾರದಿಂದ ಮಾತ್ರ. ಈ ಗಾಡಿಯಲ್ಲಿ ಪಂಪ್ ಇಲ್ಲ. ಇಳಿದಷ್ಟು ಪೆಟ್ರೋಲಿನ ಜಾಗವನ್ನು ತುಂಬಲು ಮುಚ್ಚಳದಲ್ಲಿರುವ ಸಣ್ಣ ತೂತಿನಿಂದ ಗಾಳಿ ಒಳಗೆ ಬರಬೇಕು. ನೀರಿನಲ್ಲಿ ಅದ್ದಿದ ಕೊಳವೆಯ ಮೇಲಿನ ಬಾಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಕೆಳಗಿಳಿಯುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ ಆಗಿತ್ತು. ಚೀಲದ ರಬ್ಬರ್ ತಳ ಆ ತೂತಿನ ಮೇಲೆ ಬೆರಳಿಟ್ಟಂತೆ ಕೂತಿತ್ತು. ಟ್ಯಾಂಕು ತುಂಬಿದ್ದರಿಂದ ಒಳಗೆ ಗಾಳಿಯ ಜಾಗ ಕಡಿಮೆ ಇತ್ತು. ಸ್ವಲ್ಪ ಪೆಟ್ರೋಲ್ ಇಳಿಯುವಷ್ಟರಲ್ಲೇ ಒಳಗಿನ ಒತ್ತಡ ಕುಸಿದು ಹರಿವು ನಿಂತಿತು. ಗಾಡಿ ನಿಂತಿದ್ದಾಗ ಸಂದಿಯಿಂದ ನಿಧಾನವಾಗಿ ಗಾಳಿ ಸೋರಿ ಒಳಗೆ ಬಂದು, ಇನ್ನಷ್ಟು ದೂರಕ್ಕೆ ಜೀವ ಕೊಡುತ್ತಿತ್ತು. ಈ ಲಕ್ಷಣ ಕಸ ಸಿಕ್ಕಿದ ಕಾರ್ಬುರೇಟರನ್ನೇ ಹೋಲುವುದರಿಂದ ಎಷ್ಟು ಜನ ಸುಮ್ಮನೆ ಕಾರ್ಬುರೇಟರ್ ಬಿಚ್ಚಿರಬಹುದೋ ಎನ್ನಿಸುತ್ತದೆ. ಚೀಲವನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಗದಗ ಮುಟ್ಟಿದೆ; ದಾರಿಯಲ್ಲಿ ಮತ್ತೆ ಒಮ್ಮೆಯೂ ಗಾಡಿ ನಿಲ್ಲಲಿಲ್ಲ.

ಅಂದಿನಿಂದ ಚೀಲ ಹುಡುಕುವ ಕ್ರಮವನ್ನೇ ಬದಲಿಸಿದೆ. ಎಷ್ಟು ಲೀಟರಿನದು ಎಂಬುದನ್ನು ಬಿಟ್ಟು ಟ್ಯಾಂಕಿನ ಅಳತೆಯಿಂದ ಶುರುಮಾಡಿದೆ. ಹಳೆಯ ದಿನಪತ್ರಿಕೆಯನ್ನು ಟ್ಯಾಂಕಿನ ಮೇಲೆ ಹಾಸಿ, ಬೆರಳಿನಿಂದ ಒತ್ತಿ, ಉಬ್ಬು ಎಲ್ಲಿ ಬದಿಗೆ ಇಳಿಯುತ್ತದೋ ಅಲ್ಲಿ ಗುರುತು ಹಾಕಿ ಕತ್ತರಿಸಿದೆ. ಮುಚ್ಚಳದ ಸುತ್ತ ಎರಡು ಬೆರಳು ಜಾಗ ಬಿಟ್ಟು ಕುದುರೆ ಲಾಳದ ಆಕಾರದಲ್ಲಿ ತೆರವು ಮಾಡಿದೆ. ಅದರ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ತಾಗಿದಲ್ಲೆಲ್ಲ ರಟ್ಟನ್ನು ಕೊಯ್ಯುತ್ತ ಬಂದೆ. ಈ ಕೆಲಸಕ್ಕೆ ಅವಸರ ಕೂಡದು. ತಿರುವಿನಲ್ಲಿ ಚೀಲ ಹ್ಯಾಂಡಲ್ಲಿಗೆ ಅಡ್ಡ ಬಂದರೆ ಆಗುವುದು ಪೆಟ್ರೋಲ್ ನಿಂತಷ್ಟು ಸಣ್ಣ ತೊಂದರೆಯಲ್ಲ. ಕೊನೆಗೆ ಉಳಿದದ್ದು 26 ಸೆಂಟಿಮೀಟರ್ ಉದ್ದ, 18 ಅಗಲ, 14 ಎತ್ತರದ ಪೆಟ್ಟಿಗೆ, ಅಂದರೆ ಸುಮಾರು ಆರೂವರೆ ಲೀಟರ್. ಅಷ್ಟು ಸಣ್ಣ ಟ್ಯಾಂಕ್ ಚೀಲ ನನಗೆ ಎಲ್ಲಿಯೂ ಸಿಗಲಿಲ್ಲ. ದುರ್ಗದಬೈಲಿನಲ್ಲಿ ಹುಡುಕಿ, ಹೆಗಲಿಗೆ ಹಾಕುವ ಕ್ಯಾನ್ವಾಸಿನ ಸಣ್ಣ ಚೀಲವೊಂದನ್ನು ಆ ಅಳತೆಗೆ ಹತ್ತಿರವೆಂದು ಕೊಂಡೆ. ಹೊಂದುವ ತಳವನ್ನು ಬೇರೆಯೇ ಹೊಲಿಸಬೇಕಿತ್ತು.

ಹಳೇ ಹುಬ್ಬಳ್ಳಿಯಲ್ಲಿ ಗಾಡಿಗಳ ಸೀಟ್ ಕವರ್ ಹೊಲಿಯುವ ಹಿರಿಯರೊಬ್ಬರಿಗೆ ನನ್ನ ಕಾಗದದ ಮಾದರಿಯನ್ನು ಕೊಟ್ಟಾಗ ಅವರು ಅದನ್ನು ಪಕ್ಕಕ್ಕಿಟ್ಟು, "ಗಾಡೀನ ತರ್ರಿ ಸರ, ಹಾಳ್ಯಾಗ ಟಾಕಿ ಉಬ್ಬು ಸಿಗೂದಿಲ್ಲ" ಎಂದರು. ಮರುದಿನ ಗಾಡಿ ಒಯ್ದೆ. ಅವರು ಗಟ್ಟಿ ಫೋಮಿನ ಹಾಳೆಯನ್ನು ಟ್ಯಾಂಕಿನ ಮೇಲೆಯೇ ಇಟ್ಟು, ಅಂಚುಗಳನ್ನು ಕೆಳಗಿನಿಂದ ಓರೆಯಾಗಿ ಸವರಿ ಉಬ್ಬಿಗೆ ಕೂಡಿಸಿದರು. ರೆಕ್ಸಿನ್ ಬೇಡವೆಂದು ನಾನು ಕೇಳಿಕೊಂಡೆ, ಏಕೆಂದರೆ ಪೆಟ್ರೋಲ್ ಬಿದ್ದು ಬಿದ್ದು ಅದು ಬಿರುಸಾಗಿ ಒಡೆಯುತ್ತದೆ, ಒಡೆದ ಅಂಚು ಬಣ್ಣವನ್ನು ಕೆರೆಯುತ್ತದೆ. ಅಂಟನ್ನೂ ಬಳಸಲಿಲ್ಲ, ಚರ್ಮ, ರಬ್ಬರ್ ಅಂಟಿಸುವ ಸಾಮಾನ್ಯ ಅಂಟು ಪೆಟ್ರೋಲಿಗೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಕ್ಯಾನ್ವಾಸಿನ ನಡುವೆ ಫೋಮನ್ನಿಟ್ಟು ಸುತ್ತಲೂ ಡಬ್ಬಣದಿಂದ ಕೈಹೊಲಿಗೆ ಹಾಕಿದರು. ಟ್ಯಾಂಕಿಗೆ ತಾಗುವ ಕಡೆ ಮೆತ್ತನೆಯ ಹತ್ತಿ ಬಟ್ಟೆಯನ್ನು ವೆಲ್ಕ್ರೋದಿಂದ ಕೂಡಿಸಿದ್ದಾರೆ. ಅದನ್ನು ಬಿಚ್ಚಿ ಒಗೆಯಬಹುದು. ಒಗೆಯದೆ ಬಿಟ್ಟರೆ ಆ ಬಟ್ಟೆಯಲ್ಲೇ ಧೂಳು ಕೂತು ಉಸುಕು ಕಾಗದದಂತೆ ಉಜ್ಜುತ್ತದೆ. ಬಣ್ಣ ಉಳಿಸಲು ಪಾರದರ್ಶಕ ಹಾಳೆ ಅಂಟಿಸಿಬಿಡಿ ಎಂದು ಕೆಲವರು ಹೇಳಿದ್ದರು. ಹೊಸ ಗಾಡಿಗೆ ಅದು ಸರಿಯಿರಬಹುದು. ಪುಟ್ಟಿಯ ಮೇಲಿನ ಹಳೆಯ ಬಣ್ಣಕ್ಕೆ ಅಂಟಿಸಿ ಮುಂದೆಂದಾದರೂ ಕೀಳುವಾಗ ಬಣ್ಣವೂ ಎದ್ದು ಬರಬಹುದೆಂದು ನಾನು ಒಪ್ಪಲಿಲ್ಲ.

ಪಟ್ಟಿಗಳು ಮೂರೇ. ಮುಂದಿನ ಎರಡು ಟ್ಯಾಂಕಿನ ಮುಂಭಾಗದಲ್ಲಿ, ಹ್ಯಾಂಡಲ್ಲಿನ ಕೆಳಗೆ ಚೌಕಟ್ಟನ್ನು ಬಳಸಿ ಹೋಗುತ್ತವೆ. ಅಲ್ಲಿಯೇ ವೈರುಗಳೂ ಕ್ಲಚ್, ಎಕ್ಸಿಲರೇಟರ್ ಕೇಬಲ್ಲುಗಳೂ ಇರುವುದರಿಂದ ಪಟ್ಟಿಯನ್ನು ಅವುಗಳ ಒಳಗಡೆಯಿಂದ ತಂದು, ಹ್ಯಾಂಡಲ್ ತಿರುಗಿಸಿದಾಗ ಕೇಬಲ್ ಬಿಗಿಯುವುದಿಲ್ಲ, ಎಂಜಿನ್ನಿನ ವೇಗ ತಾನಾಗಿ ಏರುವುದಿಲ್ಲ ಎಂಬುದನ್ನು ಗಾಡಿ ಚಾಲೂ ಇಟ್ಟು ನೋಡಿಕೊಂಡೆ. ಹಿಂದಿನ ಪಟ್ಟಿ ಸೀಟಿನ ಮೂಗಿನ ಕೆಳಗಿನಿಂದ ಬಂದು ಒತ್ತಿದರೆ ಬಿಚ್ಚುವ ಬಕಲ್ಲಿಗೆ ಸೇರುತ್ತದೆ. ಬಂಕಿನಲ್ಲಿ ಅದೊಂದನ್ನು ಬಿಚ್ಚಿ ಚೀಲವನ್ನು ಮುಂದಕ್ಕೆ ಮಗುಚಿದರೆ ಸಾಕು, ಎಣ್ಣೆ ಅಳೆದು ಹಾಕಿ ಪೆಟ್ರೋಲ್ ತುಂಬಿಸಿಕೊಳ್ಳಬಹುದು. ಬಕಲ್ಲಿನ ಕೆಳಗೆ ಅಂಗೈಯಷ್ಟು ಬಟ್ಟೆಯ ತುಂಡನ್ನು ಹೊಲಿಸಿಕೊಳ್ಳುವುದನ್ನು ಮರೆಯಬಾರದು. ನಾನು ಮರೆತದ್ದರ ಗುರುತು ಟ್ಯಾಂಕಿನ ಹಿಂದಿನ ತುದಿಯಲ್ಲಿದೆ.

ಈ ಚೀಲದೊಂದಿಗೆ ಲಕ್ಕುಂಡಿಗೂ ಬಂಕಾಪುರಕ್ಕೂ ಹೋಗಿ ಬಂದಿದ್ದೇನೆ. ಟ್ಯಾಂಕು ತುಂಬಿಸಿಕೊಂಡು ಹೊರಟಾಗಲೂ ಎಂಜಿನ್ ಒಮ್ಮೆಯೂ ನಿಂತಿಲ್ಲ. ಎಣ್ಣೆಯ ಬಾಟಲಿಯನ್ನು ಮಾತ್ರ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಅದನ್ನು ನಿಲ್ಲಿಸಿಯೇ ಇಡುತ್ತೇನೆ. ಮಳೆಗಾಲಕ್ಕಾಗಿ ತೆಳುವಾದ ತಾಡಪತ್ರಿಯ ಹೊದಿಕೆಯೊಂದನ್ನು ಅದೇ ಹಿರಿಯರು ಹೊಲಿದುಕೊಟ್ಟಿದ್ದಾರೆ. ಅದರ ಕೆಳ ಅಂಚು ಲಾಳದಾಕಾರದ ತೆರವಿನ ಮೇಲೆ ಇಳಿದು ಗಾಳಿಯ ತೂತನ್ನು ಮತ್ತೆ ಮುಚ್ಚುತ್ತಿತ್ತು. ಅದನ್ನು ನಾಲ್ಕು ಬೆರಳು ಕತ್ತರಿಸಿ ಅಂಚು ಮಡಿಸಿ ಹೊಲಿಸಿದ ಮೇಲೆ ಸರಿಯಾಯಿತು.